ಲಕ್ಷ್ಮೇಶ್ವರದಿಂದ ಹುಬ್ಬಳ್ಳಿ ಎಷ್ಟು ದೂರ?

ನಕ್ಷೆಯ ಮೇಲೆ ವೃತ್ತ ಎಳೆಯುವುದು ನನ್ನ ಹೊಟ್ಟೆಪಾಡು. ಧಾರವಾಡದ ಒಂದು ಸಣ್ಣ ಕಚೇರಿಯಲ್ಲಿ ಕೂತು ರಸ್ತೆ, ಕೆರೆ, ಶಾಲೆ, ದವಾಖಾನೆಗಳನ್ನು ಕಂಪ್ಯೂಟರಿಗೆ ಇಳಿಸುತ್ತೇನೆ. ದವಾಖಾನೆಗಳ ಕೆಲಸ ಬಂದಾಗ ಲೆಕ್ಕ ಸರಳ. ಬಯಲು ಪ್ರದೇಶದಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000ಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000ಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ಸರಕಾರದ ಮಾನದಂಡ. ಒಂದೊಂದರ ಸುತ್ತ ಒಂದು ವೃತ್ತ ಹಾಕಿ, ಒಳಗೆ ಬಿದ್ದ ಊರಿಗೆ ಹಸಿರು, ಹೊರಗುಳಿದದ್ದಕ್ಕೆ ಕೆಂಪು ಬಳಿದರೆ ಮುಗಿಯಿತು. ಹೀಗೆ ನೋಡಿದರೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ದೊಡ್ಡ ಕೊರತೆಯೇನೂ ಕಾಣುವುದಿಲ್ಲ. ಮೂರೂ ಕಡೆ ಸರಕಾರಿ ಮೆಡಿಕಲ್ ಕಾಲೇಜುಗಳಿವೆ. ಹುಬ್ಬಳ್ಳಿಯದು 1957ರದು, ಅದರ ಹೆಸರು ಈಚೆಗೆ ಬದಲಾಗಿದೆ, ಆದರೆ ಜನ ಕೇಳುವುದು ಈಗಲೂ ‘ಕಿಮ್ಸ್ ಸ್ಟಾಪ್ ಯಾವಾಗ ಬರ್ತೈತ್ರೀ’ ಅಂತಲೇ.

ಲಕ್ಷ್ಮೇಶ್ವರ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಹೆಂಡತಿಯ ಬಳಗದವರೊಬ್ಬರು ಇದ್ದಾರೆ. ಅವರ ಮಗನಿಗೆ ಸಿಕಲ್ ಸೆಲ್ ಕಾಯಿಲೆ. ಹುಡುಗನಿಗೆ ಈಗ ಹನ್ನೆರಡು ದಾಟಿದೆ. ಆ ತಾಯಿ ಒಮ್ಮೆ ನಮ್ಮ ಮನೆಗೆ ಬಂದಾಗ ಲ್ಯಾಪ್‌ಟಾಪ್ ಮೇಲೆ ಹರಡಿಕೊಂಡಿದ್ದ ಹಸಿರು ನಕ್ಷೆ ನೋಡಿ ಅವರ ಊರು ಎಲ್ಲಿದೆ ತೋರಿಸಿರೆಂದರು. ತೋರಿಸಿದೆ. ಹಸಿರಿನ ನಟ್ಟನಡುವೆ ಇತ್ತು.

“ಇಷ್ಟ ಸಮೀಪ ಐತೇನ್ರೀ ದವಾಖಾನಿ? ಹಂಗಾರ ನಾವ್ ಯಾಕ ಮುಟ್ಟವಲ್ಲಿವಿ?”

ಅವರು ವ್ಯಂಗ್ಯವಾಡಲಿಲ್ಲ, ನಿಜವಾಗಿಯೇ ಕೇಳಿದರು. ಅದಕ್ಕೆ ಉತ್ತರ ಕೊಡಲು ಹೋಗಿ ನಾನು ಆಫೀಸಿನ ಕೆಲಸದ ಹೊರಗೆ, ಯಾರೂ ಕೇಳದ ಒಂದು ನಕ್ಷೆಗೆ ಕೈಹಾಕಿದೆ. ಮೊದಲಿನ ಕರಡು ಅವರೇ ಬರೆದದ್ದು, ಹಳೆಯ ಗೋಡೆ ಕ್ಯಾಲೆಂಡರಿನ ಒಂದು ಹಾಳೆಯ ಬೆನ್ನ ಮೇಲೆ, ಬಾಲ್‌ಪೆನ್ನಿನಲ್ಲಿ. ಉತ್ತರ ದಿಕ್ಕು ಇಲ್ಲ, ಅಳತೆ ಇಲ್ಲ. ಮನೆಯಿಂದ ಒಂದು ಗೆರೆ ಹೊರಡುತ್ತದೆ. ಗೆರೆಯ ಮೇಲೆ ಅಲ್ಲಲ್ಲಿ ಗಂಟು. ಒಂದು ಗಂಟಿನ ಪಕ್ಕ ‘ಇಲ್ಲಿ ಕುಂದ್ರಸ್ತಾರ’. ಇನ್ನೊಂದರ ಪಕ್ಕ ‘ಇಲ್ಲಿ ಬೈತಾರ’. ಔಷಧಿ ಅಂಗಡಿಯ ಪಕ್ಕ ಏನೂ ಬರೆಯದೆ ಎರಡು ಸಲ ಗೀಚಿದ್ದರು. ಬೈಯುವ ಜಾಗಕ್ಕಿಂತ ಅದೇ ದೊಡ್ಡದಾಗಿತ್ತು. ಅದೇಕೆಂದು ಮುಂದೆ ಹೇಳುತ್ತೇನೆ.

ಕಾಯಿಲೆಯ ಬಗ್ಗೆ ಎರಡು ಮಾತು. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕು. ಇವರಲ್ಲಿ ಅಲ್ಲಿ ವ್ಯಾಲಿನ್ ಕೂತಿರುತ್ತದೆ. ಅಷ್ಟೇ ವ್ಯತ್ಯಾಸ. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಟ್ಟುತ್ತದೆ, ದುಂಡಗಿದ್ದ ಕಣ ಬಾಗಿ ಕುಡಗೋಲಾಗುತ್ತದೆ. ಸಾಧಾರಣ ಕೆಂಪು ಕಣದ ಆಯುಷ್ಯ 120 ದಿನ. ಇವುಗಳದು ಹತ್ತಿಪ್ಪತ್ತು ದಿನ. ಹಾಗಾಗಿ ರಕ್ತ ಯಾವಾಗಲೂ ಕಡಿಮೆ, ಕಣ್ಣಿನಲ್ಲಿ ಯಾವಾಗಲೂ ಕಾಮಣಿಯ ಹಳದಿ ಛಾಯೆ. ಆದರೆ ಜನರನ್ನು ನೆಲಕ್ಕೆ ಕೆಡವುವುದು ನೋವು. ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಯ ದಾರಿಯಲ್ಲಿ ಮೆಣಸಿನಕಾಯಿ ಚೀಲ ಹೇರಿದ ಒಂದು ಗಾಡಿ ಅಡ್ಡ ತಿರುಗಿ ನಿಂತರೆ ಹಿಂದಿನ ಗಾಡಿಗಳೆಲ್ಲ ಸಿಕ್ಕಿಕೊಳ್ಳುತ್ತವಲ್ಲ, ಸಣ್ಣ ರಕ್ತನಾಳಗಳಲ್ಲಿ ಈ ಬಾಗಿದ ಕಣಗಳು ಮಾಡುವುದೂ ಅದನ್ನೇ. ಅದರಾಚೆಯ ಎಲುಬಿಗೆ, ಮಾಂಸಕ್ಕೆ ರಕ್ತ ತಲುಪುವುದಿಲ್ಲ. ಥಂಡಿ, ಜ್ವರ, ನೀರು ಕಡಿಮೆಯಾಗುವುದು, ಮೈಮುರಿ ದಣಿವು, ಇವುಗಳಲ್ಲಿ ಯಾವುದು ಬೇಕಾದರೂ ನೆಪವಾಗಬಹುದು. ಹುಡುಗ ಅದನ್ನು ಹೇಳುವ ರೀತಿ ಬೇರೆ: “ಎಲುಬಿನೊಳಗ ಯಾರೋ ಕುಂತು ಕಡದಂಗ ಆಕ್ಕೈತಿ.”

ಹೊಸ ಕಾಯಿಲೆಯೇನೂ ಅಲ್ಲ. ಶಿಕಾಗೊದಲ್ಲಿ ಓದುತ್ತಿದ್ದ ಗ್ರೆನಡಾ ದ್ವೀಪದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕಂಡ ಈ ವಿಚಿತ್ರ ಕಣಗಳ ಬಗ್ಗೆ ಜೇಮ್ಸ್ ಹೆರಿಕ್ ಬರೆದದ್ದು 1910ರಲ್ಲಿ. ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಗೆ ಹತ್ತಿಕೊಂಡೇ ಇರುವ ನೀಲಗಿರಿ ಬೆಟ್ಟದ ಜನರಲ್ಲಿ. ಅದಾಗಿ ಎಪ್ಪತ್ತು ವರ್ಷದ ಮೇಲಾಯಿತು. ಆದರೂ ಆ ತಾಯಿಯ ಗೆರೆಯ ಮೇಲಿನ ಮೊದಲ ಗಂಟು ಹೆಸರಿನದೇ: ಈ ಜಡ್ಡಿನ ಹೆಸರು ಏನೆಂದು ಅವರಿಗೆ ವರ್ಷಗಟ್ಟಲೆ ಯಾರೂ ಹೇಳಲಿಲ್ಲ.

ಯಾಕೆಂದರೆ ನಮ್ಮ ಕಡೆ ರಕ್ತ ಕಡಿಮೆ ಎಂಬುದು ದೂರಲ್ಲ, ಹವಾಮಾನ. ಅಂಗನವಾಡಿಯಿಂದ ಹೈಸ್ಕೂಲಿನವರೆಗೂ ಕಬ್ಬಿಣದ ಗುಳಿಗೆ ಹಂಚುತ್ತಾರೆ, ಹಂಚಲೇಬೇಕು ಕೂಡ. ಹಾಗಾಗಿ ಬಿಳಿಚಿಕೊಂಡ ಮಗು ಬಂದರೆ ಕೈ ತಾನಾಗಿ ಐರನ್ ಟಾನಿಕ್ ಬರೆಯುತ್ತದೆ. ಈ ಹುಡುಗನಿಗೂ ಬಾಟಲಿಗಟ್ಟಲೆ ಕುಡಿಸಿದರು. ಕೊರತೆ ಕಬ್ಬಿಣದ್ದಾಗಿರಲಿಲ್ಲ. ಕಣಗಳು ಬೇಗ ಒಡೆಯುತ್ತಿದ್ದವು, ಅವನ್ನು ಮತ್ತೆ ಕಟ್ಟಲು ಬೇಕಿದ್ದದ್ದು ಫೋಲಿಕ್ ಆಮ್ಲ. ಕಣ್ಣು ಹಳದಿಯಾದಾಗ ಕಾಮಣಿ ಎಂದು ಬೇರು ಅರೆದು ಕುಡಿಸಿ, ಉಪ್ಪು, ಎಣ್ಣೆ ಬಿಡಿಸಿ ಪಥ್ಯ ಮಾಡಿಸಿದರು. ಸಂದುಗಳು ಬಾತಾಗ ವಾತದ ಜ್ವರ ಅಂದರು. ಮೂರೂ ತಕ್ಕಮಟ್ಟಿಗೆ ನಂಬುವಂಥ ಊಹೆಗಳೇ. ಮೂರನ್ನೂ ಒಬ್ಬರೇ ಒಂದೇ ಚೀಟಿಯಲ್ಲಿ ನೋಡಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಆದರೆ ಪ್ರತಿ ಸಲ ಬೇರೆ ಡಾಕ್ಟರು, ಬೇರೆ ಚೀಟಿ.

ಒಮ್ಮೆ ಹಿಮೋಗ್ಲೋಬಿನ್ ತೀರ ಇಳಿದು ರಕ್ತ ಏರಿಸಿದರು. ಅದಾದ ಕೆಲವೇ ದಿನಕ್ಕೆ ಒಬ್ಬ ತರುಣ ವೈದ್ಯರಿಗೆ ಸಂಶಯ ಬಂದು ಎಚ್‌ಪಿಎಲ್‌ಸಿ ಪರೀಕ್ಷೆ ಬರೆದುಕೊಟ್ಟರು. ಕಾಯಿಲೆ ಖಚಿತಪಡಿಸುವ ಪರೀಕ್ಷೆ ಅದು. ಸ್ಯಾಂಪಲ್ ತೆಗೆದುಕೊಂಡು ಹೊರಗೆ ಕಳಿಸಿದರು, ದುಡ್ಡೂ ಕಟ್ಟಿಸಿಕೊಂಡರು, ವರದಿ ಅಸ್ಪಷ್ಟ ಬಂತು. ಬರಲೇಬೇಕಿತ್ತು: ಮೈಯಲ್ಲಿ ಆಗ ಹರಿಯುತ್ತಿದ್ದ ರಕ್ತದಲ್ಲಿ ಅರ್ಧ ಯಾರೋ ದಾನಿಯದು. ರಕ್ತ ಏರಿಸುವ ಮೊದಲೇ ಸ್ಯಾಂಪಲ್ ತೆಗೆದಿಡಬೇಕು, ಇಲ್ಲವಾದರೆ ಸುಮಾರು ಮೂರು ತಿಂಗಳು ಕಾಯಬೇಕು. ಈ ಮಾತನ್ನು ಅವರಿಗೆ ಆಗ ಯಾರೂ ಹೇಳಲಿಲ್ಲ. ಮತ್ತೆ ಬಸ್ ಚಾರ್ಜು, ಮತ್ತೆ ಕೂಲಿ ಬಿಟ್ಟ ದಿನ. ನನ್ನ ಹಸಿರು ನಕ್ಷೆಯಲ್ಲಿ ಈ ಮೂರು ತಿಂಗಳನ್ನು ಯಾವ ಬಣ್ಣದಿಂದ ತುಂಬಲಿ?

ಇನ್ನು ‘ಇಲ್ಲಿ ಬೈತಾರ’ ಎಂದು ಬರೆದ ಗಂಟು. ಅದೊಂದು ಕ್ಯಾಜುವಾಲ್ಟಿ. ಯಾವ ಊರಿನದು, ಯಾರದು ಎಂಬುದು ಬೇಡ. ಅದು ಎಲ್ಲಿ ಬೇಕಾದರೂ ಇರಬಹುದು. ರಾತ್ರಿ ಹನ್ನೊಂದರ ಸುಮಾರಿಗೆ ಹುಡುಗನನ್ನು ಎತ್ತಿಕೊಂಡು ಹೋಗಿದ್ದಾರೆ. ಜ್ವರ ಇಲ್ಲ, ಗಾಯ ಇಲ್ಲ, ಎಲುಬು ಮುರಿದಿಲ್ಲ, ಎಕ್ಸ್‌ರೇ ಸರಿಯಾಗಿದೆ. ಹುಡುಗ ಮಾತ್ರ ತೊಡೆ ಹಿಡಿದುಕೊಂಡು ಚೀರುತ್ತಿದ್ದಾನೆ. ಈ ನೋವಿಗೆ ತೋರಿಸಲಿಕ್ಕೆ ಹೊರಗೆ ಏನೂ ಇರುವುದಿಲ್ಲ. ಸಿಕಲ್ ಸೆಲ್ ನೋವಿನೊಂದಿಗೆ ಬಂದವರಿಗೆ ಅರ್ಧ ಗಂಟೆಯೊಳಗೆ ನೋವಿನ ಔಷಧಿ ಕೊಡಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲೇ ಮಾರ್ಗಸೂಚಿ ಬರೆದಿದೆ. ಇಲ್ಲಿ ಆ ಅರ್ಧ ಗಂಟೆ ಕೇಸ್ ಪೇಪರಿಗೆ ಹೋಯಿತು. ಆಮೇಲೆ ಒಂದು ಡೈಕ್ಲೋಫೆನಾಕ್ ಸೂಜಿ. ಒಂದು ಗಂಟೆ ಬಿಟ್ಟು ನೋವು ಮತ್ತೆ ಏರಿದಾಗ ಡ್ಯೂಟಿಯಲ್ಲಿದ್ದವರು ತಾಯಿಗೆ ಹೇಳಿದ್ದು: “ಇಷ್ಟ ನಾಟಕ ಕಲಿಸಿರೇನು ಹುಡುಗಗ? ಸಾಲಿ ತಪ್ಪಸಾಕ ಮಾಡ್ತಾನ.”

ಆ ಮಾತು ಆಡಿದವರ ಮೇಲೆ ನನಗೂ ಸಿಟ್ಟಿದೆ. ಆದರೆ ವಾರ್ಡ್ ತುಂಬಿದ ರಾತ್ರಿ, ಈ ಕಾಯಿಲೆಯನ್ನು ಪುಸ್ತಕದಲ್ಲಷ್ಟೇ ಓದಿದ, ನಿದ್ದೆಗೆಟ್ಟ ಹುಡುಗ ಡಾಕ್ಟರೊಬ್ಬರ ಕೈಯಲ್ಲಿ ಏನಿತ್ತು? ತೀವ್ರ ನೋವಿಗೆ ಬೇಕಾದದ್ದು ಮಾರ್ಫಿನ್ ಜಾತಿಯ ಔಷಧಿ. 1985ರ ಮಾದಕ ದ್ರವ್ಯ ಕಾಯ್ದೆಯ ಭಯದಲ್ಲಿ ನಮ್ಮ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿ ಬಂದು ಪರವಾನಗಿಯ ಗೋಜಲು ಕಡಿಮೆಯಾಯಿತು. ಕಾಗದದಲ್ಲಿ ಸಡಿಲಾದದ್ದು ಕಪಾಟಿನವರೆಗೆ ಬಂದಿಲ್ಲ. ಸಣ್ಣ ಊರುಗಳಲ್ಲಿ ಇಂದಿಗೂ ಇರುವುದು ಡೈಕ್ಲೋಫೆನಾಕು, ಹೆಚ್ಚೆಂದರೆ ಟ್ರಮಡಾಲು. ಕೊಡಲಿಕ್ಕೆ ಔಷಧಿ ಇಲ್ಲದವರು ನೋವೇ ಇಲ್ಲ ಎನ್ನುವುದು ಸುಲಭ. ಬೈಗುಳದ ಮೂಲ ಅಲ್ಲೇ ಇದೆ ಎಂಬುದು ನನ್ನ ಅನುಮಾನ.

ಔಷಧಿ ಅಂಗಡಿಯ ಗೀಚಿಗೆ ಬರುತ್ತೇನೆ. ಈ ಕಾಯಿಲೆಗೆ ದಿನಾ ನುಂಗುವ ಒಂದು ಕ್ಯಾಪ್ಸೂಲ್ ಇದೆ: ಹೈಡ್ರಾಕ್ಸಿಯೂರಿಯಾ. ಗರ್ಭದಲ್ಲಿದ್ದಾಗ ಇರುವ ಹಿಮೋಗ್ಲೋಬಿನ್ ಎಫ್ ಅನ್ನು ಅದು ಮತ್ತೆ ಹೆಚ್ಚಿಸುತ್ತದೆ, ಕಣ ಬಾಗುವುದು ತಗ್ಗುತ್ತದೆ. ದೊಡ್ಡವರಲ್ಲಿ ನೋವಿನ ದಾಳಿಗಳನ್ನು ಇದು ಅರ್ಧದ ಹತ್ತಿರಕ್ಕೆ ಇಳಿಸುತ್ತದೆಂದು 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿತು. ದುಬಾರಿಯಲ್ಲ, ನಮ್ಮ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಆದರೆ ಇದೇ ಕ್ಯಾಪ್ಸೂಲನ್ನು ಒಂದು ಬಗೆಯ ರಕ್ತ ಕ್ಯಾನ್ಸರಿಗೂ ಕೊಡುತ್ತಾರೆ.

ತಾಲೂಕಿನ ಊರಿನ ಅಂಗಡಿಯಲ್ಲಿ ತಾಯಿ ಚೀಟಿ ಕೊಟ್ಟಾಗ ಅಂಗಡಿಯವರು ಓದಿ, ಕನ್ನಡಕ ಮೇಲೆ ಮಾಡಿ, ಸಂತೆಯ ದಿನದ ಅಷ್ಟು ಮಂದಿಯ ಎದುರಿಗೆ ಕೇಳಿದರಂತೆ: “ಯಾರಿಗವ್ವಾ ಕ್ಯಾನ್ಸರು?” ಕೆಟ್ಟ ಮನಸ್ಸಿನಿಂದಲ್ಲ, ಮರುಕದಿಂದಲೇ. ಸಂಜೆಯೊಳಗೆ ಊರಿಗೆ ಸುದ್ದಿ ಮುಟ್ಟಿತ್ತು. ಹುಡುಗನ ಜೊತೆ ಊಟಕ್ಕೆ ಕೂರುತ್ತಿದ್ದ ಮಕ್ಕಳನ್ನು ಅವರ ಅವ್ವಂದಿರು ಬೇರೆ ಸಾಲಿಗೆ ಕೂರಿಸಿದರು. ಆ ಅಂಗಡಿಗೆ ತಾಯಿ ಮತ್ತೆ ಹೋಗಲಿಲ್ಲ. ಆಮೇಲೆ ಬಹಳ ದಿನ ಔಷಧಿ ಹುಬ್ಬಳ್ಳಿಯಿಂದಲೇ ಆಗಬೇಕಿತ್ತು. ಸುಮಾರು ಐವತ್ತು ಕಿಲೋಮೀಟರು. ಮಳೆಗಾಲದಲ್ಲೋ ಬಿತ್ತಿಗೆಯಲ್ಲೋ ಅದು ತಪ್ಪಿದರೆ ಕ್ಯಾಪ್ಸೂಲೂ ತಪ್ಪಿತು. ‘ಇವರು ಔಷಧಿ ಸರಿಯಾಗಿ ತಗೊಳ್ಳೂದಿಲ್ಲ’ ಎಂದು ಫೈಲಿನಲ್ಲಿ ಬರೆದದ್ದನ್ನು ನಾನೇ ಓದಿದ್ದೇನೆ. ಅಂಗಡಿಯ ಕಟ್ಟೆಯ ಮೇಲೆ ಕೇಳಿದ ಒಂದು ಪ್ರಶ್ನೆ ಐವತ್ತು ಕಿಲೋಮೀಟರ್ ಆಗಿ ಬೆಳೆದ ಕಥೆ ಆ ಸಾಲಿನಲ್ಲಿಲ್ಲ.

ಬಸ್ಸಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೆಟ್ ಇಲ್ಲ, ಅದರಿಂದ ಆದ ಉಪಕಾರ ಅಷ್ಟಿಷ್ಟಲ್ಲ. “ಮದ್ಲ ನಾ ಒಬ್ಬಾಕಿ ಹೋಗಿ ಗುಳಿಗಿ ತರಾಕೂ ಇನ್ನೊಬ್ಬರ ಕೈ ನೋಡ್ತಿದ್ದೆ” ಅಂದರು. ಕಾಯಿಲೆಯ ಹುಡುಗ ಮಾತ್ರ ಗಂಡು. ಹನ್ನೆರಡು ದಾಟಿದ ಕೂಡಲೇ ಅರ್ಧ ಟಿಕೆಟ್ ಹೋಗಿ ಪೂರ್ತಿ ಟಿಕೆಟ್ ಬಂತು. ಊರಿಗೆ ಬರುವ ಕೊನೆಯ ಬಸ್ಸು ವಸ್ತಿ ಬಸ್ಸು, ರಾತ್ರಿ ಬಂದು ಗುಡಿಯ ಮುಂದೆ ನಿಂತರೆ ಹೊರಡುವುದು ನಸುಕಿನಲ್ಲೇ. ನೋವು ಹೆಚ್ಚಾಗಿ ಏಳುವುದು ಆ ನಡುವಿನ ಹೊತ್ತಿನಲ್ಲಿ, ಥಂಡಿಗೆ. ಕೀಲಿ ಹಾಕಿದ ಬಸ್ಸು ಕಣ್ಣೆದುರಿಗೇ ನಿಂತಿರುತ್ತದೆ.

ಆಗ 108. ಫೋನ್ ಮಾಡಿದರೆ ಬರುತ್ತದೆ, ಸುಳ್ಳು ಹೇಳಬಾರದು. ಆದರೆ ಅದು ಒಯ್ಯುವುದು ಹತ್ತಿರದ ಸರಕಾರಿ ದವಾಖಾನೆಗೆ. ಅಪಘಾತಕ್ಕೆ, ಹೆರಿಗೆಗೆ ಅದೇ ಸರಿ. ಈ ಹುಡುಗನಿಗೆ ಹತ್ತಿರದ್ದು ಎಂದರೆ ಅವನ ಫೈಲ್ ಇಲ್ಲದ, ಅವನ ಹೆಸರು ಗೊತ್ತಿಲ್ಲದ ಜಾಗ. ಅಲ್ಲಿಂದ ಗದಗಕ್ಕೆ ರೆಫರ್, ಗದಗದಿಂದ ಹುಬ್ಬಳ್ಳಿಗೆ. ಪ್ರತಿ ಮೆಟ್ಟಿಲಲ್ಲೂ ಮೊದಲ ಪ್ರಶ್ನೆ ಅದೇ: “ಏನಾಗೈತಿ?” ತಾಯಿ ಹುಟ್ಟಿದಂದಿನಿಂದ ಶುರು ಮಾಡುತ್ತಾರೆ.

ಅದನ್ನು ಕೇಳುತ್ತ ಕೂತಾಗ ನನಗೆ ನಕ್ಷೆಯ ಅಳತೆ ಹೊಳೆದದ್ದು. ಒಂದು ರಾತ್ರಿಯಲ್ಲಿ ಈ ಕಥೆಯನ್ನು ಮೊದಲಿನಿಂದ ಎಷ್ಟು ಸಲ ಹೇಳಬೇಕಾಗುತ್ತದೆಯೋ ಅಷ್ಟು ಅದರ ದೂರ. ಹಾಗೆ ಅಳೆದರೆ ಊರುಗಳು ಜಾಗ ಬದಲಿಸುತ್ತವೆ. ಹತ್ತಿರದ ತಾಲೂಕು ಆಸ್ಪತ್ರೆ ದೂರಕ್ಕೆ ಹೋಗುತ್ತದೆ. ಫೈಲ್ ಇರುವ, ಒಬ್ಬ ನರ್ಸ್ ಮುಖ ನೋಡಿ ‘ಬಾರಪ್ಪಾ, ಮತ್ತ ಬಂತೇನು’ ಎನ್ನುವ ಹುಬ್ಬಳ್ಳಿಯ ವಾರ್ಡು ಮನೆಯ ಪಕ್ಕಕ್ಕೆ ಬಂದು ಕೂರುತ್ತದೆ. ಕಚೇರಿಯಲ್ಲಿ ಇದನ್ನು ತೋರಿಸಿದಾಗ ಹಿರಿಯರೊಬ್ಬರು, ಇದಕ್ಕೆ ಉತ್ತರ ದಿಕ್ಕು ಯಾವ ಕಡೆ ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜಕ್ಕೋ ತಿಳಿಯಲಿಲ್ಲ.

ನಮ್ಮ ಓಣಿಗೆ ಹತ್ತಿರ ಹುಬ್ಬಳ್ಳಿಯ ರೈಲ್ವೆಯಲ್ಲಿ ಕೆಲಸ ಮಾಡುವ ಛತ್ತೀಸಗಢದ ಕುಟುಂಬವೊಂದು ಬಾಡಿಗೆಗೆ ಬಂದಾಗ ಇನ್ನೊಂದು ಮುಖ ಕಂಡಿತು. ಅವರ ಮಗಳಿಗೂ ಇದೇ ಕಾಯಿಲೆ. ಅಲ್ಲಿ, ವಿದರ್ಭದಲ್ಲಿ, ಒಡಿಶಾದ ಪಶ್ಚಿಮ ಭಾಗದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಜಡ್ಡು; ರಾಯಪುರದಲ್ಲಿ ಇದಕ್ಕೆಂದೇ ಒಂದು ಸರಕಾರಿ ಸಂಸ್ಥೆಯಿದೆ. ಮೂರನೆಯ ತರಗತಿಯವರೆಗೆ ಓದಿದ ಆ ತಾಯಿಗೆ ಹೊಟ್ಟೆಯ ಎಡಭಾಗ ಒತ್ತಿ ಗುಲ್ಮ (ಸ್ಪ್ಲೀನ್) ಊದಿದೆಯೋ ಇಲ್ಲವೋ ನೋಡಲು ಬರುತ್ತದೆ. ಮಗು ಒಮ್ಮೆಲೇ ಬಿಳಿಚಿ ಗುಲ್ಮ ಊದಿದರೆ ಒಂದು ತಾಸೂ ಕಾಯಬಾರದೆಂದು ಅಲ್ಲಿಯ ನರ್ಸ್ ಕಲಿಸಿದ್ದಾರೆ. ಅಂಥ ಒಂದು ಪಾಠ ನಮ್ಮ ಲಕ್ಷ್ಮೇಶ್ವರದ ತಾಯಿಗೆ ಯಾರೂ ಮಾಡಿರಲಿಲ್ಲ. ಛತ್ತೀಸಗಢದ ಆಕೆಯ ತೊಡಕೇ ಬೇರೆ. ಆಕೆಯ ಕಾರ್ಡು, ಚೀಟಿ, ತಿಳಿವಳಿಕೆ ಎಲ್ಲವೂ ಹಿಂದಿಯಲ್ಲಿ. ದೊಡ್ಡ ಆಸ್ಪತ್ರೆ ಎರಡು ಆಟೋ ಸ್ಟಾಪು ದೂರ, ಆದರೆ ಕೌಂಟರಿನಲ್ಲಿ ಆ ಕಾರ್ಡು ತಿರುಗಿಸಿ ನೋಡಿ ವಾಪಸ್ ಕೊಟ್ಟರಂತೆ.

ಈ ಇಬ್ಬರು ತಾಯಂದಿರನ್ನೂ ಒಂದು ದಿನ ಚಹಾಕ್ಕೆ ಕೂರಿಸಿದೆವು. ಭಾಷೆ ಬಾರದಿದ್ದರೂ ಗುಲ್ಮ ಒತ್ತುವುದನ್ನು ಒಬ್ಬರು ಇನ್ನೊಬ್ಬರಿಗೆ ಕಲಿಸಿದರು. ಹುಡುಗ ನಾಚಿಕೊಂಡು ಅಂಗಿ ಬಿಡಲಿಲ್ಲ.

2023ರ ಜುಲೈ 1ರಂದು ಪ್ರಧಾನಿ ಮಧ್ಯಪ್ರದೇಶದ ಶಹಡೋಲಿನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ರಾಷ್ಟ್ರೀಯ ಅಭಿಯಾನಕ್ಕೆ ಚಾಲನೆ ಕೊಟ್ಟರು. ನಲವತ್ತರೊಳಗಿನ ಏಳು ಕೋಟಿ ಜನರನ್ನು ತಪಾಸಣೆ ಮಾಡುವುದು, 2047ರೊಳಗೆ ಕಾಯಿಲೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಸದಿರುವುದು ಗುರಿ. ಹದಿನೇಳು ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಜನ ಹೆಚ್ಚಿರುವ ಕಡೆ ಮೊದಲ ಒತ್ತು; ಅದು ನ್ಯಾಯವೇ, ಅಲ್ಲೇ ಹೊರೆ ಹೆಚ್ಚು. ನಕ್ಷೆಯವನಾಗಿ ನನ್ನ ತಕರಾರು ಬೇರೆ. ತಪಾಸಣೆ ಆದಲ್ಲಿ ಚುಕ್ಕೆ ಬೀಳುತ್ತದೆ, ಆಗದಲ್ಲಿ ಖಾಲಿ ಉಳಿಯುತ್ತದೆ. ಖಾಲಿ ಎಂದರೆ ‘ನೋಡಿಲ್ಲ’ ಎಂದು ಅರ್ಥ. ಮೇಜಿನ ಆಚೆ ಕೂತವರು ಓದುವುದು ‘ಇಲ್ಲ’ ಎಂದು. ಮುಂದಿನ ವರ್ಷದ ಕಿಟ್ಟು, ಔಷಧಿ, ತರಬೇತಿ ಚುಕ್ಕೆ ಇದ್ದಲ್ಲಿಗೇ ಹೋಗುತ್ತವೆ. ಖಾಲಿ ಜಾಗ ಹೀಗೆ ತನ್ನನ್ನು ತಾನೇ ಖಾಲಿಯಾಗಿ ಇಟ್ಟುಕೊಳ್ಳುತ್ತದೆ.

ಪರಿಶಿಷ್ಟ ಪಂಗಡದ ಪಟ್ಟಿಯ ಗಡಿಯೂ ಹಾಗೇ. ಹುಬ್ಬಳ್ಳಿಯಿಂದ ಯಲ್ಲಾಪುರದ ರಸ್ತೆ ಹಿಡಿದರೆ ಕಲಘಟಗಿ ದಾಟಿದ ಮೇಲೆ ಕಾಡು ಶುರು. ಧಾರವಾಡ ಜಿಲ್ಲೆ ಎಲ್ಲಿ ಮುಗಿದು ಉತ್ತರ ಕನ್ನಡ ಎಲ್ಲಿ ಶುರುವಾಯಿತೆಂದು ಆ ಕಾಡು ನೋಡಿ ಹೇಳಲಾಗದು. ಎರಡೂ ಬದಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ, ಎರಡೂ ಬದಿ ಬೀಗರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿಯವರು 2020ರವರೆಗೆ ಕಾದರು. ಹದಿನೇಳು ವರ್ಷ ಒಂದೇ ಬಳಗದ ಅರ್ಧ ಜನ ಪಟ್ಟಿಯಲ್ಲಿ, ಅರ್ಧ ಜನ ಹೊರಗೆ. ಪಟ್ಟಿ ಹಿಡಿದು ಹೊರಟ ಯಾವ ಆರೋಗ್ಯ ಕಾರ್ಯಕ್ರಮವಾದರೂ ಅಲ್ಲಿ ರಸ್ತೆಯ ಮಧ್ಯೆ ನಿಲ್ಲಬೇಕಾಗುತ್ತಿತ್ತು. ಇಷ್ಟಾಗಿ, ಸಿಕಲ್ ಸೆಲ್ ಅಂದ ಕೂಡಲೇ ‘ಅದು ಸಿದ್ದಿಗಳದ್ದಲ್ವಾ, ಆಫ್ರಿಕಾದ್ದು’ ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಭಾರತದಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಜೀನ್ ಅರಬ್-ಭಾರತ ಬಗೆಯದು. ಆಫ್ರಿಕಾದಲ್ಲಿ ಕಾಣುವ ಬಗೆಗಳಿಗಿಂತ ಬೇರೆ. ನಡುಭಾರತದಲ್ಲಿ ಆದಿವಾಸಿಗಳಲ್ಲೂ ಇದೆ, ದಲಿತರಲ್ಲೂ ಇದೆ, ಹಿಂದುಳಿದ ಒಕ್ಕಲು ಜಾತಿಗಳಲ್ಲೂ ಇದೆ. ಲಕ್ಷ್ಮೇಶ್ವರದ ತಾಯಿಗೆ ಇದುವರೆಗೆ ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ‘ನೀವ್ ಯಾವ ಮಂದಿ?’ ಎಂಬುದು. ಉತ್ತರ ಕೊಟ್ಟರೆ ‘ಅದು ನಿಮ್ಮಾಗ ಬರೂದಿಲ್ಲಲ್ಲ’ ಎನ್ನುತ್ತಾರೆ. ಬಂದಾಗಿದೆ ಎಂದು ಹೇಳುವುದಕ್ಕೇ ಅವರು ಹೋಗಿರುತ್ತಾರೆ.

ಇದೇ ಕಾರಣಕ್ಕೆ ನನ್ನ ನಕ್ಷೆಯಲ್ಲಿ ಮನೆಗಳ ಮೇಲೆ ಚುಕ್ಕೆ ಇಲ್ಲ. ಹಾಕಬಹುದಿತ್ತು, ಜಿಪಿಎಸ್ ಕೈಯಲ್ಲೇ ಇದೆ. ಒಂದು ಓಣಿಯ ಮೇಲೆ ಕೆಂಪು ಚುಕ್ಕೆ ಬಿದ್ದರೆ ಆ ಓಣಿಯ ಹೆಣ್ಣುಮಕ್ಕಳ ಸಂಬಂಧ ಮುರಿಯುತ್ತವೆ. ಅಡ್ಡಿಗಳಿಗೆ ಚುಕ್ಕೆ ಹಾಕೋಣ: ಅಂಗಡಿಗೆ, ಕೌಂಟರಿಗೆ, ಖಾಲಿ ಕಪಾಟಿಗೆ. ರೋಗಿಗಳಿಗೆ ಬೇಡ.

ಹುಡುಗನ ಅಪ್ಪ ಗೋವಾದಲ್ಲಿ ಗೌಂಡಿ ಕೆಲಸ ಮಾಡುತ್ತಾರೆ, ನಮ್ಮ ಕಡೆಯ ಸಾವಿರಾರು ಜನರ ಹಾಗೆ. ಮಗನ ಕಾಯಿಲೆ ಸೊಸೆಯ ತವರಿನಿಂದ ಬಂತೆಂದು ಮನೆಯಲ್ಲಿ ತೀರ್ಮಾನವಾಗಿ ಹೋಗಿದೆ. ಆದರೆ ಕಾಯಿಲೆ ಪೂರ್ತಿಯಾಗಿ ಬರಬೇಕಾದರೆ ಎರಡೂ ಕಡೆಯಿಂದ ಒಂದೊಂದು ಜೀನ್ ಬರಬೇಕು. ಒಂದೇ ಬಂದವರು ವಾಹಕರು. ಅವರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಕಾಯಿಲೆ, ನಾಲ್ಕರಲ್ಲೆರಡು ಪಾಲು ವಾಹಕತನ. ಸೋದರಮಾವನಿಗೆ ಕೊಡುವ, ಅತ್ತೆಯ ಮಗನಿಗೆ ಕೊಡುವ ನಮ್ಮ ಪದ್ಧತಿಯಲ್ಲಿ ಎರಡು ಒಂಟಿ ಜೀನುಗಳು ಭೇಟಿಯಾಗುವ ಸಂಭವ ಹೆಚ್ಚು. ತಾಯಿಯ ರಕ್ತ ಪರೀಕ್ಷೆ ಯಾವತ್ತೋ ಆಗಿದೆ. ಅಪ್ಪನದು ಇನ್ನೂ ಇಲ್ಲ. ರಜೆ ಇಲ್ಲ ಎಂಬುದು ಕಾರಣ. ವರದಿ ಬಂದರೆ ತೀರ್ಮಾನ ಬದಲಾಗಬೇಕಾಗುತ್ತದೆ ಎಂಬುದು ಇನ್ನೊಂದು ಕಾರಣವಿರಬಹುದೆಂದು ನಾನು ತಾಯಿಯ ಎದುರು ಹೇಳಲಿಲ್ಲ, ಅವರೇ ಹೇಳಿದರು.

ನೀರಿನ ಮಾತು ಬಿಟ್ಟೆ. ಈ ಮಕ್ಕಳಿಗೆ ನೀರೇ ಔಷಧಿಯಲ್ಲದಿದ್ದರೂ ಮೊದಲ ರಕ್ಷಣೆ ಅದೇ. ಇವರ ಮೂತ್ರಪಿಂಡಕ್ಕೆ ನೀರು ಹಿಡಿದಿಡುವ ಶಕ್ತಿ ಕಡಿಮೆ, ಹೆಚ್ಚು ಕುಡಿಯಬೇಕು, ಮೇಲಿಂದ ಮೇಲೆ ಹೊರಗೆ ಹೋಗಬೇಕು. ಕೊಡಗಳ ಸಾಲಿನಲ್ಲಿ ನಿಂತು ತಂದ ನೀರನ್ನು ಒಬ್ಬನೇ ಹುಡುಗ ಅಷ್ಟು ಕುಡಿಯುವುದು ಮನೆಯಲ್ಲೇ ಮಾತಾಗುತ್ತದೆ. ಶಾಲೆಯಲ್ಲಿ ಪದೇ ಪದೇ ಕೈ ಎತ್ತಿದರೆ ಮೇಷ್ಟ್ರು ಕೂರಿಸುತ್ತಾರೆ. ಹುಡುಗ ಕಂಡುಕೊಂಡ ಪರಿಹಾರ: ನೀರು ಕುಡಿಯುವುದನ್ನೇ ಬಿಡುವುದು. ಏಪ್ರಿಲ್ಲಿನ ಗದಗ ಸೀಮೆಯ ಬಿಸಿಲಿನಲ್ಲಿ.

ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸಿಕಲ್ ಸೆಲ್ ಇದೆ. ಶಾಲೆಗೆ ಹೇಳಲು ಆ ಪ್ರಮಾಣಪತ್ರ ಸಾಕಾಗಬೇಕು. ಅದಕ್ಕಾಗಿ ಹೋದ ದಿನ ಅವನು ನೆಟ್ಟಗೆ ನಡೆದು ಬಂದದ್ದೇ ತಪ್ಪಾಯಿತು. ಆರೋಗ್ಯ ಕರ್ನಾಟಕ ಯೋಜನೆ ಭರ್ತಿಯಾದಾಗ ನೆರವಾಗುತ್ತದೆ. ತಿಂಗಳು ತಿಂಗಳಿನ ಕ್ಯಾಪ್ಸೂಲು, ಸಿಬಿಸಿ ಎಂಬ ರಕ್ತಪರೀಕ್ಷೆ, ಕಳೆದುಹೋದ ಕೂಲಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ನಕ್ಷೆಯಿಂದ ಏನಾದರೂ ಆಯಿತೇ ಎಂದು ಕೇಳಿದರೆ, ಒಂದು ಹಾಳೆ ಆಯಿತು. ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾದದ್ದೇ ದೂರವಾದರೆ, ಹೇಳುವುದನ್ನು ಕಡಿಮೆ ಮಾಡಿದಷ್ಟೂ ದೂರ ಕಡಿಮೆಯಾಗಬೇಕಲ್ಲ. ಹುಡುಗನನ್ನು ನೋಡುವ ವೈದ್ಯರು ಒಂದು ಭಾನುವಾರ ಕೂತು ಬರೆದುಕೊಟ್ಟರು, ನಾನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡಿ ಲ್ಯಾಮಿನೇಟ್ ಮಾಡಿಸಿದೆ. ಕಾಯಿಲೆಯ ಹೆಸರು, ಎಚ್‌ಪಿಎಲ್‌ಸಿ ಮಾಡಿದ ತಾರೀಖು, ರಕ್ತದ ಗುಂಪು. ‘ಇವನ ಹಿಮೋಗ್ಲೋಬಿನ್ ಯಾವಾಗಲೂ ಎಂಟರ ಆಸುಪಾಸು, ಆ ಅಂಕಿ ಒಂದನ್ನೇ ನೋಡಿ ರಕ್ತ ಏರಿಸಬೇಡಿ.’ ‘ನೋವು ನಿಜ, ಮೊದಲು ಔಷಧಿ ಕೊಟ್ಟು ಆಮೇಲೆ ಪ್ರಶ್ನೆ ಕೇಳಿ.’ ಯಾವಾಗ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು: ಜ್ವರ 101 ದಾಟಿದರೆ, ಎದೆನೋವು ಬಂದು ಉಸಿರು ಕಟ್ಟಿದರೆ, ಕೈಕಾಲು ಒಂದು ಪಕ್ಕ ಸೋತರೆ, ಗುಲ್ಮ ಊದಿ ಬಿಳಿಚಿದರೆ. ಕೊನೆಗೆ ಒಂದು ಫೋನ್ ನಂಬರು.

ಹಾಳೆ ಒಂದು ಸಲ ಕೆಲಸ ಮಾಡಿತು, ಒಂದು ಸಲ ಮಾಡಲಿಲ್ಲ. ಕೆಲಸ ಮಾಡಿದ ರಾತ್ರಿ ಡ್ಯೂಟಿ ಡಾಕ್ಟರು ಅದರ ಫೋಟೊ ತೆಗೆದುಕೊಂಡು ಆ ನಂಬರಿಗೆ ಅಲ್ಲೇ ಫೋನ್ ಮಾಡಿದರಂತೆ. ಮಾಡದ ರಾತ್ರಿ, ಇದನ್ನು ಯಾರು ಟೈಪ್ ಮಾಡಿದ್ದು, ಇದರ ಮೇಲೆ ಸೀಲ್ ಎಲ್ಲಿದೆ ಎಂದು ಕೇಳಿದರು. ಈಗ ಸೀಲ್ ಹಾಕಿಸಿದ್ದೇವೆ.

ಔಷಧಿ ಅಂಗಡಿಯವರನ್ನು ನಾನೇ ಹೋಗಿ ಕಂಡೆ. ಈ ಕ್ಯಾಪ್ಸೂಲು ಬೇರೆ ಕಾಯಿಲೆಗೂ ಇದೆ ಎಂದು ವಿವರಿಸಿದಾಗ ಪೆಚ್ಚಾದರು. ತಿಂಗಳಿಗೆ ಒಂದೇ ಗಿರಾಕಿಯಾದರೆ ತರಿಸುವುದು ಕಷ್ಟ, ಮೂರು ಸ್ಟ್ರಿಪ್ ಒಟ್ಟಿಗೆ ಒಯ್ದರೆ ತರಿಸುತ್ತೇನೆಂದರು. ತಾಯಿ ಇನ್ನೂ ಅಲ್ಲಿಗೆ ಹೋಗಲು ಒಪ್ಪಿಲ್ಲ. ಅವರ ಮೈದುನ ಹೋಗಿ ತರುತ್ತಾನೆ.

ಹುಡುಗನಿಗೆ ಒಬ್ಬ ತಂಗಿ ಇದ್ದಾಳೆ, ನಾಲ್ಕು ವರ್ಷದವಳು. ಅವಳ ಪರೀಕ್ಷೆ ಆಗಿಲ್ಲ. ಕಾಯಿಲೆ ಇದ್ದರೆ ಐದು ವರ್ಷ ತುಂಬುವವರೆಗೆ ದಿನಾ ಪೆನಿಸಿಲಿನ್ ಕೊಡಬೇಕು, ನ್ಯುಮೋಕಾಕಲ್ ಲಸಿಕೆಯ ಲೆಕ್ಕ ನೋಡಬೇಕು, ಅಂದರೆ ತಡಮಾಡುವ ಹಾಗಿಲ್ಲ. ಅಪ್ಪ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಬರುತ್ತಾರೆ, ಆಗ ಇಬ್ಬರದೂ ಒಟ್ಟಿಗೆ ಮಾಡಿಸೋಣವೆಂದು ತಾಯಿ ಹೇಳಿದ್ದರು. ಮಗಳದನ್ನು ಅಲ್ಲಿಯತನಕ ನಿಲ್ಲಿಸುವುದು ಬೇಡವೆಂದು ಈ ವಾರವೇ ಕರೆಸಿದ್ದೇನೆ. ಲ್ಯಾಬಿಗೆ ಫೋನ್ ಮಾಡಿದಾಗ, ಶನಿವಾರ ತೆಗೆದ ಸ್ಯಾಂಪಲ್ ಸೋಮವಾರದವರೆಗೆ ಇಲ್ಲೇ ಉಳಿಯುತ್ತದೆ, ಶುಕ್ರವಾರ ಮಧ್ಯಾಹ್ನದೊಳಗೆ ಬನ್ನಿ ಅಂದರು. ಶುಕ್ರವಾರ ಲಕ್ಷ್ಮೇಶ್ವರದ ಸಂತೆ, ಬಸ್ಸು ತುಂಬಿರುತ್ತದೆ. ಗುರುವಾರ ಬರಲಿಕ್ಕೆ ಹೇಳಿದೆ.